ಬಗ್ಗಡದ ಎರಡು ಬಗೆ: ಚಿಲ್ಲ, ನುಗ್ಗೆ ಬೀಜಗಳು ಮತ್ತು ಹೇರೋಹಳ್ಳಿ ಕೆರೆಯ ನೀರು

ಸಾರಾಂಶ: ಬಗ್ಗಡ ನೀರನ್ನು ತಿಳಿಗೊಳಿಸುವ ಎರಡು ಬೀಜಗಳು ನಮ್ಮ ನೆಲದಲ್ಲೇ ಇವೆ: ಚಿಲ್ಲ ಮತ್ತು ನುಗ್ಗೆ. ಪಶ್ಚಿಮ ಬೆಂಗಳೂರಿನ ಹೇರೋಹಳ್ಳಿ ಕೆರೆಯಂಥ ನಗರದ ನೀರಿನಲ್ಲಿ ಅವುಗಳ ಶಕ್ತಿ ಎಷ್ಟು, ಎಲ್ಲೆ ಯಾವುದು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಬೀಜ ಮಣ್ಣನ್ನು ತಳಕ್ಕಿಳಿಸಬಲ್ಲದು. ಕೊಳಚೆಯನ್ನು ಕುಡಿಯುವ ನೀರಾಗಿಸಲಾರದು ಎಂಬುದು ಇಲ್ಲಿಯ ವಾದ.

1. ಪರಂಪರೆ

ನೀರಿನ ಕಲ್ಮಷ ಕಳೆಯುವ ಏಳು ಸಾಧನಗಳನ್ನು ಎಣಿಸುವ ಸುಶ್ರುತ ಸಂಹಿತೆ ಕತಕವನ್ನು, ಅಂದರೆ ಚಿಲ್ಲದ ಬೀಜವನ್ನು, ಮೊದಲು ಹೇಳುತ್ತದೆ. ಮಡಕೆಯ ಒಳಮೈಗೆ ಬೀಜವನ್ನು ತೇಯ್ದು ನೀರು ತುಂಬಿಡುವುದು ಹಳೆಯ ರೂಢಿ. ಇದೇ ಕುಲದ ಕಾಸರಕದ ಬೀಜ ವಿಷ, ಗುರುತು ತಪ್ಪಬಾರದು. ಸೂಡಾನಿನ ಹೆಂಗಸರು ನೈಲ್ ನದಿಯ ನೀರನ್ನು ನುಗ್ಗೆ ಬೀಜದಿಂದ ತಿಳಿಗೊಳಿಸುತ್ತಿದ್ದುದನ್ನು ಸಂಶೋಧಕಿ ಸಾಮಿಯಾ ಅಲ್ ಅಜಾರಿಯಾ ಯಾನ್ ವೈಜ್ಞಾನಿಕವಾಗಿ ಅಭ್ಯಸಿಸಿದರು.

2. ಕ್ರಿಯೆ

ಜೇಡಿಯ ಸೂಕ್ಷ್ಮ ಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಒಂದನ್ನೊಂದು ದೂಡುತ್ತ ಅವು ತಳ ಸೇರದೆ ತೇಲುತ್ತವೆ. ನುಗ್ಗೆ ಬೀಜದ ಪ್ರೋಟೀನುಗಳದು ಧನ ವಿದ್ಯುದಂಶ. ಅವು ಕಣಗಳ ಋಣಾಂಶವನ್ನು ತಣಿಸಿ ಒಟ್ಟುಗೂಡಿಸುತ್ತವೆ. ಚಿಲ್ಲದ ಬೀಜದ ದೀರ್ಘ ಸರಪಳಿ ಅಣುಗಳು ಕಣದಿಂದ ಕಣಕ್ಕೆ ಸೇತುವೆಯಾಗುತ್ತವೆ. ದಾರಿ ಬೇರೆಯಾದರೂ ಫಲ ಒಂದೇ: ಕಣಗಳು ಗರಣೆಗಟ್ಟಿ, ಭಾರವಾಗಿ ಕೆಳಗಿಳಿಯುತ್ತವೆ. ಬಗ್ಗಡ ಎಷ್ಟಿದೆ ಎಂಬುದರ ಮೇಲೆ ಲೀಟರಿಗೆ ಸುಮಾರು 50ರಿಂದ 150 ಮಿ.ಗ್ರಾಂ. ನುಗ್ಗೆ ಬೀಜದ ಪುಡಿ ಬೇಕು. 100 ಮಿ.ಗ್ರಾಂ. ಲೆಕ್ಕದಲ್ಲಿ 20 ಲೀಟರಿಗೆ 2 ಗ್ರಾಂ. ಪಟಿಕದಂತಲ್ಲದೆ, ಇದು ನೀರಿನ ಆಮ್ಲೀಯತೆಯನ್ನು ಹೆಚ್ಚಿಸುವುದಿಲ್ಲ.

3. ಹೇರೋಹಳ್ಳಿಯ ಪ್ರಶ್ನೆ

ನಗರದ ಕೆರೆಗೆ ಮಳೆನೀರು ತರುವ ಕೆಮ್ಮಣ್ಣು ಒಂದು ಬಗೆಯ ಬಗ್ಗಡ. ಕೊಳಚೆ ಮತ್ತು ಪಾಚಿ ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಬೀಜ ಮದ್ದು. ಎರಡನೆಯದರ ಜೊತೆ ಬರುವ ನೈಟ್ರೇಟ್, ಲವಣಗಳು ನೀರಿನಲ್ಲಿ ಕರಗಿರುವುದರಿಂದ ಗರಣೆಗೆ ಸಿಕ್ಕುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಗರಣೆಯೊಂದಿಗೆ ಇಳಿದರೂ, ಉಳಿದವು ಬೀಜ ಬಿಟ್ಟ ಸಾವಯವ ಅಂಶವನ್ನೇ ತಿಂದು ಮತ್ತೆ ಬೆಳೆಯುತ್ತವೆ. ಭಾರತೀಯ ಮಾನಕ 10500:2012 ಕುಡಿಯುವ ನೀರಿನ ಬಗ್ಗಡಕ್ಕೆ 1 ಎನ್‌ಟಿಯು (ಬಗ್ಗಡ ಅಳೆಯುವ ಏಕಮಾನ) ಮಿತಿ ಹೇಳಿ, ಬೇರೆ ಮೂಲವಿಲ್ಲದಾಗ 5ರವರೆಗೆ ಒಪ್ಪುತ್ತದೆ, ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಮಾತ್ರ ಅಂಥ ರಿಯಾಯಿತಿಯೇ ಇಲ್ಲ.

4. ಉಪಸಂಹಾರ

ಹೀಗಾಗಿ ಕೆಮ್ಮಣ್ಣು ಬೆರೆತ ಮಳೆನೀರನ್ನು ತೋಟಕ್ಕೆ, ತೊಳೆಯುವುದಕ್ಕೆ ಒದಗಿಸುವಲ್ಲಿ ಈ ಬೀಜಗಳಿಗೆ ನಿಜವಾದ ಸ್ಥಾನವಿದೆ. ಕುಡಿಯುವುದಾದರೆ ಕುದಿಸಲೇಬೇಕು. ಕತಕದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬ ಎಚ್ಚರ ಮನುಸ್ಮೃತಿಯಲ್ಲೇ ಇದೆ. ಪ್ರತಿ ಋತುವಿನಲ್ಲೂ ಹೇರೋಹಳ್ಳಿ ಕೆರೆಯ ನೀರನ್ನು ಜಾಡಿಗಳಲ್ಲಿಟ್ಟು, ಬೀಜದ ಪ್ರಮಾಣ ಬದಲಿಸಿ ಪರೀಕ್ಷಿಸುವುದು ಮುಂದಿನ ಕೆಲಸ.