ಬಚ್ಚಲ ನೀರಿನ ದಾರಿ



ಇಂದು ಬೆಳಿಗ್ಗೆ ನೀವು ಸ್ನಾನ ಮಾಡಿದ ನೀರು ಬಚ್ಚಲು ದಾಟಿ ಎಲ್ಲಿಗೆ ಹೋಯಿತು? ಯೋಚಿಸಿ ನೋಡಿ. ರಾಜರ ಶಾಸನಗಳಿಗಷ್ಟೇ ಅಲ್ಲ, ಆ ಕೊಳೆನೀರಿಗೂ ಒಂದು ಇತಿಹಾಸವಿದೆ.

ಬಾದಾಮಿಯಿಂದಲೇ ಆರಂಭಿಸೋಣ. ಇಲ್ಲಿಯ ಬೆಟ್ಟದ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಕ್ರಿ.ಶ. 543ರ ಬಂಡೆ ಶಾಸನ ತಿಳಿಸುತ್ತದೆ. ಆ ಬೆಟ್ಟಗಳ ನಡುವೆ ಮಳೆನೀರನ್ನು ಹಿಡಿದಿಟ್ಟುಕೊಂಡ ಅಗಸ್ತ್ಯತೀರ್ಥವಿದೆ. ಇಂಥ ಕೆರೆ, ಬಾವಿ, ಹಳ್ಳಗಳಿಂದ ಕೊಡದಲ್ಲಿ ಹೊತ್ತು ತಂದ ನೀರನ್ನು ನಮ್ಮ ಹಿರಿಯರು ಹಿತಮಿತವಾಗಿ ಬಳಸುತ್ತಿದ್ದರು. ಮುಸುರೆ ದನಗಳಿಗೆ, ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುತ್ತಿತ್ತು. ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನಲಾಗದು. ಬಯಲಿನ ಹೊಲಸು ಮಳೆಯಲ್ಲಿ ಕೊಚ್ಚಿಬಂದು ಕುಡಿಯುವ ನೀರನ್ನು ಸೇರಿದಾಗ ಕಾಲರಾ ಹಬ್ಬುತ್ತಿತ್ತು.

ಈಗ ಮನೆಯಂಗಳಕ್ಕೇ ನಲ್ಲಿ ಬಂದಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗುರಿ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು. ಒಂದು ಲೆಕ್ಕ ಮಾಡಿ. ಊರಿನ ಜನಸಂಖ್ಯೆ 2,000 ಎಂದರೆ ದಿನಕ್ಕೆ 1,10,000 ಲೀಟರ್ ಬೇಕು. ಅದರಲ್ಲಿ ಸುಮಾರು ಶೇಕಡಾ 80 ಭಾಗ, ಅಂದರೆ 88,000 ಲೀಟರ್, ಕೊಳೆನೀರಾಗಿ ಗಟಾರ ಸೇರುತ್ತದೆ. ನೀರು ತರುವ ದಾರಿಯನ್ನು ನಾವು ಮಾಡಿದೆವು. ಅದನ್ನು ಕಳಿಸುವ ದಾರಿಯನ್ನು ಮರೆತೆವು. ಗಟಾರದಲ್ಲಿ ನಿಂತದ್ದು ಸೊಳ್ಳೆ ಸಾಕುತ್ತದೆ. ಹರಿದದ್ದು ಹಳ್ಳ ಹಿಡಿದು ಮಲಪ್ರಭೆ, ಘಟಪ್ರಭೆಗಳನ್ನು ಮುಟ್ಟುತ್ತದೆ.

ಕೊಳೆನೀರನ್ನು ತಿಳಿಗೊಳಿಸುವವರು ಯಾರು ಗೊತ್ತೇ? ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು! ಗಾಳಿ ಸಿಕ್ಕರೆ ಅವು ಕೊಳೆಯನ್ನು ತಿಂದು, ಬೆಳೆದು, ಕೆಸರಾಗಿ ತಳಕ್ಕೆ ಇಳಿಯುತ್ತವೆ. ಆ ಕೆಸರನ್ನೇ ಮತ್ತೆ ಮತ್ತೆ ಬಳಸುವ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಅವರಿಗೆ ಪ್ರೇರಣೆ ನೀಡಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೀಗೆ ಈ ವಿದ್ಯೆ ಬಹಳ ಬೇಗ ನಮ್ಮ ನಾಡನ್ನು ತಲುಪಿತು. ಹಳ್ಳಿಯನ್ನು ಮುಟ್ಟಲು ಮಾತ್ರ ತಡವಾಯಿತು.

ಕಾರಣವಿಲ್ಲದೆ ಇಲ್ಲ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡ ಬಾಗಲಕೋಟೆಯವರಿಗಾಗಿ ನಕ್ಷೆ ಹಾಕಿ ಕಟ್ಟಿದ ನವನಗರದಂಥಲ್ಲಿ ಒಳಚರಂಡಿಗೆ ಮೊದಲೇ ಜಾಗ ಇಡಬಹುದು. ಹಳೆಯ ಹಳ್ಳಿಯ ಇಕ್ಕಟ್ಟಾದ ಓಣಿಗಳಲ್ಲಿ ಅದು ಕಷ್ಟ. ಗಾಳಿ ಊದುವ ಯಂತ್ರಕ್ಕೆ ಹಗಲಿರುಳು ವಿದ್ಯುತ್ತೂ ಬೇಕು. ಹಳ್ಳಿಗೆ ಒಪ್ಪುವುದು ಬಿಸಿಲಿನ ಹೊಂಡ. ಸಾಲಾಗಿ ತೋಡಿದ ಹೊಂಡಗಳಲ್ಲಿ ನೀರು ಹಲವು ದಿನ ನಿಲ್ಲುತ್ತದೆ. ಬಿಸಿಲಿಗೆ ಬೆಳೆದ ಪಾಚಿ ಆಮ್ಲಜನಕ ಕೊಡುತ್ತದೆ. ಉಳಿದ ಕೆಲಸ ಸೂಕ್ಷ್ಮಜೀವಿಗಳದು.

ಮಣ್ಣನ್ನೂ ಕೇಳಬೇಕು. ಮರಳು ಬೆರೆತ ಮಸಾರಿ ನೆಲದಲ್ಲಿ ಮನೆಯ ಇಂಗುಗುಂಡಿ ನೀರನ್ನು ಸುಲಭವಾಗಿ ಕುಡಿಯುತ್ತದೆ. ಹುನಗುಂದದ ಎರೆಭೂಮಿ ಹಾಗಲ್ಲ; ನೆನೆದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಸೀರೆಗೆ ಹೆಸರಾದ ಇಳಕಲ್ಲಿನಂಥ ನೇಕಾರರ ಊರಿನಲ್ಲಿ ಇನ್ನೊಂದು ಸಮಸ್ಯೆ: ನೂಲಿಗೆ ಹಾಕುವ ರಾಸಾಯನಿಕ ಬಣ್ಣವನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ಅರಗಿಸಿಕೊಳ್ಳಲಾರವು. ಬಣ್ಣದ ನೀರನ್ನು ಬೇರೆಯಾಗಿಯೇ ಶುದ್ಧಗೊಳಿಸಬೇಕು.

ನೀರು ಕೆಡಿಸುವುದನ್ನು ತಡೆಯುವ ಕಾಯಿದೆ 1974ರಲ್ಲೇ ಬಂದಿದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆ ಊರಿನ ನೈರ್ಮಲ್ಯದ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸಿದೆ. ಗ್ರಾಮಸಭೆಯಲ್ಲಿ ನಲ್ಲಿ ಕೇಳುವವರು ಬಹಳ ಮಂದಿ. ಗಟಾರದ ಕೊನೆ ಎಲ್ಲಿ ಎಂದು ಕೇಳುವವರು ವಿರಳ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಬಚ್ಚಲಿನಿಂದ ಹೊರಟು ಆ ನೀರಿನ ಜೊತೆಗೇ ನಡೆಯಿರಿ. ಅದು ನಿಂತಲ್ಲೆಲ್ಲ ನೀವೂ ನಿಂತು, ಒಂದು ನಕ್ಷೆ ಬರೆಯಿರಿ. ಅದನ್ನು ಮುಂದಿನ ಗ್ರಾಮಸಭೆಗೆ ಒಯ್ಯಿರಿ.