ಓಡುವ ಯಂತ್ರವೂ ಆಕರವೇ: ಪೋರ್ಟಪ್ಯಾಕ್ ದುರಸ್ತಿ ಮತ್ತು ಆರಂಭಿಕ ವಿಡಿಯೊ ಚರಿತ್ರೆ

ಹೆಗಲಿಗೆ ಹಾಕಿಕೊಂಡು ಬೀದಿಗಿಳಿಯಬಹುದಾದ ವಿಡಿಯೊ ಯಂತ್ರದ ಕಥೆಯನ್ನು ಸಾಮಾನ್ಯವಾಗಿ 1967ರಲ್ಲಿ ಸೋನಿ ಕಂಪನಿ ತಂದ ಡಿ.ವಿ.-2400 ‘ವಿಡಿಯೊ ರೋವರ್’ನಿಂದ ಆರಂಭಿಸುತ್ತಾರೆ. ಅದು ದಾಖಲಿಸುತ್ತಿತ್ತು, ತೋರಿಸುತ್ತಿರಲಿಲ್ಲ. ಟೇಪನ್ನು ಹಿಂದಕ್ಕೆ ಸುತ್ತಲು ಹಿಡಿಕೆ ಹಿಡಿದು ಕೈಯಲ್ಲೇ ತಿರುಗಿಸಬೇಕಿತ್ತು; ಚಿತ್ರ ನೋಡಬೇಕಾದರೆ ಬೇರೊಂದು ಯಂತ್ರ ಬೇಕಿತ್ತು. 1969ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ ಅರ್ಧ ಇಂಚಿನ ಟೇಪಿಗೆ ‘ಇ.ಐ.ಎ.ಜೆ.’ ಎಂಬ ಸಮಾನ ಮಾನಕ ನಿಗದಿಪಡಿಸಿತು. ಅದರಂತೆ ಬಂದ ಎ.ವಿ.-3400ರಲ್ಲಿ, ತೆಗೆದ ಚಿತ್ರವನ್ನು ನಿಂತಲ್ಲೇ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ನೋಡುವುದು ಸಾಧ್ಯವಾಯಿತು. ಪೋರ್ಟಪ್ಯಾಕ್ ಎಂದು ಜನ ಕರೆದ ಈ ಯಂತ್ರಗಳ ಕಾಲವನ್ನು ಕುರಿತು ಬರೆದವರು ಉಳಿದುಬಂದ ಟೇಪುಗಳನ್ನು, 1970ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘ರಾಡಿಕಲ್ ಸಾಫ್ಟ್‌ವೇರ್’ ಪತ್ರಿಕೆಯನ್ನು, ಭಾಗಿಗಳ ನೆನಪುಗಳನ್ನು ಆಕರವಾಗಿ ಬಳಸಿದ್ದಾರೆ. ಯಂತ್ರ ಮಾತ್ರ ಅವರ ಪಾಲಿಗೆ ಟೇಪಿನಿಂದ ಚಿತ್ರ ಹೊರತೆಗೆಯುವ ಸಾಧನವಾಗಿಯೇ ಉಳಿದಿದೆ. ದುರಸ್ತಿಯಾಗಿ ಓಡುವ ಸ್ಥಿತಿಗೆ ಬಂದ ಯಂತ್ರವನ್ನೂ ಟೇಪಿನಷ್ಟೇ ಮುಖ್ಯವಾದ ಆಕರವೆಂದು ಎಣಿಸಬೇಕು, ಅದನ್ನು ಓಡುವಂತೆ ಮಾಡುವ ಕೆಲಸವನ್ನು ಸಂಶೋಧನೆಯ ಭಾಗವೆಂದು ಒಪ್ಪಬೇಕು ಎಂಬುದು ಈ ಲೇಖನದ ವಾದ.

ಮೊದಲು ಎಲ್ಲರೂ ಗಮನಿಸಿರುವ ಒಂದು ಲಕ್ಷಣವನ್ನೇ ತೆಗೆದುಕೊಳ್ಳೋಣ. ವಿಡಿಯೊಫ್ರೀಕ್ಸ್, ರೇನ್‌ಡ್ಯಾನ್ಸ್ ಮುಂತಾದ ಅಮೆರಿಕದ ಗುಂಪುಗಳ ಟೇಪುಗಳಲ್ಲಿ ಒಂದೇ ದೃಶ್ಯ ಕತ್ತರಿ ಬೀಳದೆ ಬಹಳ ಹೊತ್ತು ಸಾಗುತ್ತದೆ. ವಾಣಿಜ್ಯ ಟೆಲಿವಿಷನ್ನಿನ ಚುರುಕು ಕತ್ತರಿಸುವಿಕೆಗೆ ಇದು ಪ್ರಜ್ಞಾಪೂರ್ವಕ ಪ್ರತಿಭಟನೆ ಎಂಬ ವಿವರಣೆ ಬಹುಕಾಲದಿಂದ ನಡೆದುಬಂದಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಅರ್ಧ ಇಂಚಿನ ಟೇಪನ್ನು ಕತ್ತರಿಸಿ ಅಂಟಿಸಿದರೆ ಆ ಜೋಡಣೆ ತಿರುಗುವ ಹೆಡ್ಡಿಗೆ ತಾಗಿ ಹೆಡ್ಡೇ ಹಾಳಾಗುವ ಭಯ. ಎರಡು ಡೆಕ್ಕುಗಳ ನಡುವೆ ನಕಲು ಮಾಡಿ ಜೋಡಿಸಬೇಕೆಂದರೆ ಎರಡೂ ಸುರುಳಿಗಳನ್ನು ಗುರುತು ಹಾಕಿಕೊಂಡು ಕೈಯಿಂದ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ, ಏಕಕಾಲಕ್ಕೆ ಚಾಲೂ ಮಾಡಿ, ಸರಿಯಾದ ಗಳಿಗೆಯಲ್ಲಿ ಗುಂಡಿ ಒತ್ತಬೇಕಿತ್ತು. ಇಷ್ಟಾದರೂ ಜೋಡಿಸಿದಲ್ಲಿ ಚಿತ್ರ ಕದಡುತ್ತಿತ್ತು. ಸಿನಿಮಾ ಫಿಲ್ಮಿಗೆ ಹೋಲಿಸಿದರೆ ಟೇಪು ಅಗ್ಗ, ಒಂದು ಸುರುಳಿ ಅರ್ಧ ಗಂಟೆ ಓಡುತ್ತಿತ್ತು. ನಿಲ್ಲಿಸಲು ಒತ್ತಾಯವಿಲ್ಲ, ಕತ್ತರಿಸಲು ಸಲೀಸಿಲ್ಲ. ಓಡುವ ಯಂತ್ರದ ಮುಂದೆ ಕುಳಿತು ಒಂದು ಜೋಡಣೆ ಮಾಡಿ ನೋಡಿದವರಿಗೆ, ದೀರ್ಘ ದೃಶ್ಯ ಸಿದ್ಧಾಂತವಾಗುವ ಮೊದಲು ಅನಿವಾರ್ಯತೆಯಾಗಿತ್ತೆಂಬುದು ತಾನೇ ಮನವರಿಕೆಯಾಗುತ್ತದೆ.

ಇನ್ನೂ ಗಟ್ಟಿಯಾದ ಸಾಕ್ಷ್ಯ ದುರಸ್ತಿಯ ಮೇಜಿನ ಮೇಲೆಯೇ ಸಿಗುತ್ತದೆ. ಐವತ್ತು ವರ್ಷ ಕಳೆದ ಪೋರ್ಟಪ್ಯಾಕಿನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿರುತ್ತವೆ ಇಲ್ಲವೇ ಸೋರಿರುತ್ತವೆ, ರಬ್ಬರ್ ಚಕ್ರ ಗಟ್ಟಿಯಾಗಿರುತ್ತದೆ, ಬೆಲ್ಟು ಕರಗಿ ಡಾಂಬರಿನಂತೆ ಅಂಟಿರುತ್ತದೆ, ಗ್ರೀಸು ಮೇಣವಾಗಿರುತ್ತದೆ. ಇವೆಲ್ಲ ತಾಳ್ಮೆಯಿಂದ ಮುಗಿಯುವ ಕೆಲಸ. ಕಷ್ಟವಿರುವುದು ಡ್ರಮ್ಮಿನಲ್ಲಿ. ಅಮೆರಿಕದ ಮಾದರಿಯಲ್ಲಿ ಅದು ಸೆಕೆಂಡಿಗೆ 30 ಸುತ್ತು ತಿರುಗುತ್ತದೆ. ಅದರಲ್ಲಿರುವ ಎರಡು ಪುಟ್ಟ ಹೆಡ್ಡುಗಳು ಟೇಪಿನ ಮೇಲೆ ಓರೆಯಾಗಿ ಕಾಂತೀಯ ಗೆರೆಗಳನ್ನು ಎಳೆಯುತ್ತ ಹೋಗುತ್ತವೆ. ಹೆಡ್ಡನ್ನು ಒರೆಸುವಾಗ ಬಟ್ಟೆಯನ್ನು ಡ್ರಮ್ ತಿರುಗುವ ದಿಕ್ಕಿನಲ್ಲೇ ಸರಿಸಬೇಕು, ಮೇಲಿನಿಂದ ಕೆಳಕ್ಕೆ ಉಜ್ಜಿದರೆ ತುದಿ ಮುರಿಯಬಹುದು. ಹೊಸದು ಈಗ ತಯಾರಾಗುತ್ತಿಲ್ಲ. ಟೇಪಿಗೆ ದಾರಿ ತೋರುವ ಗೈಡುಗಳು ಕೂದಲೆಳೆಯಷ್ಟು ಮೇಲೆ ಕೆಳಗಾದರೂ ಹೆಡ್ಡು ಗೆರೆ ತಪ್ಪುತ್ತದೆ. ಇಲ್ಲಿಯೇ ಚರಿತ್ರೆಕಾರರು ಗಮನಿಸಬೇಕಾದ ಸಂಗತಿಯೊಂದಿದೆ. ಅಂದು ಬೀದಿ ಸುತ್ತಿದ ಯಂತ್ರ ಹೊಂದಾಣಿಕೆ ತಪ್ಪಿದ್ದರೆ ಅದು ಎಳೆದ ಗೆರೆಗಳೂ ಹಾಗೆಯೇ ವಾಲಿರುತ್ತವೆ. ಅಂಥ ಟೇಪು ಕೈಪಿಡಿಯ ಪ್ರಕಾರ ಸರಿಹೊಂದಿಸಿದ ಯಂತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ. ದುರಸ್ತಿಗಾರ ತನ್ನ ಯಂತ್ರವನ್ನೂ ಅಷ್ಟೇ ತಪ್ಪಿಸಿ ಕೂರಿಸಬೇಕಾಗುತ್ತದೆ. ಎಷ್ಟು ತಪ್ಪಿಸಬೇಕಾಯಿತು ಎಂಬ ಅಳತೆ ಆ ಟೇಪು ದಾಖಲಾದ ಯಂತ್ರದ ಗುರುತು. ಎರಡು ಟೇಪುಗಳು ಒಂದೇ ಯಂತ್ರದಿಂದ ಬಂದವೇ ಎಂಬ ಪ್ರಶ್ನೆಗೆ ಇದರಿಂದ ಸುಳಿವು ಸಿಗಬಹುದು. ಆದರೆ ಡಿಜಿಟಲ್ ಪ್ರತಿ ಸಿದ್ಧವಾದ ಕೂಡಲೇ ಈ ಅಳತೆಯನ್ನು ಯಾರೂ ಬರೆದಿಡದೆ ಬಿಟ್ಟರೆ ಆ ಸುಳಿವು ಅಲ್ಲಿಗೇ ಮುಗಿಯಿತು.

ಚಿತ್ರದ ದೋಷಗಳನ್ನು ಓದುವುದಕ್ಕೂ ಓಡುವ ಯಂತ್ರವೇ ಬೇಕು. ಕ್ಯಾಮೆರಾದೊಳಗಿನ ವಿಡಿಕಾನ್ ಟ್ಯೂಬಿಗೆ ಹಿಂದಿನ ಬೆಳಕನ್ನು ಬೇಗ ಮರೆಯಲು ಬರುವುದಿಲ್ಲ. ದೀಪ ಸರಿದರೆ ಹಿಂದೆ ಬಾಲ ಉಳಿಯುತ್ತದೆ, ಸೂರ್ಯನತ್ತ ತಿರುಗಿಸಿದರೆ ಶಾಶ್ವತ ಕಲೆ ಬೀಳುತ್ತದೆ. ಇದು ಹುಟ್ಟುಗುಣ. ಚಿತ್ರದ ಮೇಲ್ಭಾಗ ಬಾವುಟದಂತೆ ಬಾಗುವುದಾದರೆ ಟೇಪಿನ ಬಿಗಿತದ ವ್ಯತ್ಯಾಸ. ಬಿಳಿ ಚುಕ್ಕಿಗಳ ಮಳೆ, ಕಿರುಗುಟ್ಟುವ ಸದ್ದು ವಯಸ್ಸಿನ ಫಲ: ಟೇಪಿನ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಜಿಗುಟಾಗಿರುತ್ತದೆ, ಸುಮಾರು 50 ಡಿಗ್ರಿ ಸೆಲ್ಸಿಯಸ್ ಹದವಾದ ಬಿಸಿಯಲ್ಲಿ ಹಲವು ಗಂಟೆ ಇಟ್ಟರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಯಾವುದು 1971ರ ನೋಡುಗರೂ ಕಂಡದ್ದು, ಯಾವುದು ಆಮೇಲೆ ಸೇರಿದ್ದು ಎಂದು ಬೇರ್ಪಡಿಸದೆ ಆ ಚಿತ್ರಗಳ ಸೌಂದರ್ಯದ ಬಗ್ಗೆ ಬರೆಯುವುದು ದುಡುಕು. ಟಿ.ವಿ.ಟಿ.ವಿ. ಗುಂಪು 1973ರ ನವೆಂಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ಭಾರತದ ಗುರು ಮಹಾರಾಜ್ ಜೀ ಅವರ ಸಮಾವೇಶವನ್ನು ಚಿತ್ರೀಕರಿಸಿ ಮಾಡಿದ ‘ಲಾರ್ಡ್ ಆಫ್ ದಿ ಯೂನಿವರ್ಸ್’ 1974ರಲ್ಲಿ ಅಮೆರಿಕದ ಸಾರ್ವಜನಿಕ ವಾಹಿನಿಯಲ್ಲಿ ಪ್ರಸಾರವಾಯಿತು. ಅರ್ಧ ಇಂಚಿನ ಟೇಪಿನ ಕಂಪನವನ್ನು ಪ್ರಸಾರಕ್ಕೆ ಒಗ್ಗುವಂತೆ ಸ್ಥಿರಗೊಳಿಸುವ ‘ಟೈಮ್ ಬೇಸ್ ಕರೆಕ್ಟರ್’ ಆಗಷ್ಟೇ ಬಂದಿತ್ತು. ಪ್ರಸಾರದ ಪ್ರತಿಯನ್ನಷ್ಟೇ ನೋಡಿದವರಿಗೆ ಆ ಕಂಪನದ ಅರಿವೇ ಇರುವುದಿಲ್ಲ.

ಯಂತ್ರಕ್ಕೆ ಇಷ್ಟು ಮಹತ್ವ ಬೇಡ ಎನ್ನುವ ವಾದಕ್ಕೆ ಗಂಭೀರ ಪರಂಪರೆಯೇ ಇದೆ. ರೊಸಾಲಿಂಡ್ ಕ್ರಾಸ್ 1976ರಲ್ಲಿ ‘ಅಕ್ಟೋಬರ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, ವಿಡಿಯೊ ಕಲೆಯ ನಿಜವಾದ ಮಾಧ್ಯಮ ಉಪಕರಣವಲ್ಲ, ಆತ್ಮರತಿಯೆಂಬ ಮನಃಸ್ಥಿತಿ ಎಂದು ವಾದಿಸಿದರು. ವಿಟೊ ಅಕಾಂಚಿ ಮಾನಿಟರಿನಲ್ಲಿ ತನ್ನನ್ನೇ ನೋಡುತ್ತ ಪರದೆಯ ನಡುವಿಗೆ ಬೆರಳು ತೋರಿಸುವ ‘ಸೆಂಟರ್ಸ್’ (1971) ಅವರ ಮುಖ್ಯ ನಿದರ್ಶನ. ಅದಕ್ಕೆ ಈ ಮಾತು ಹೊಂದುತ್ತದೆ, ಏಕೆಂದರೆ ಅಲ್ಲಿ ಬಿಂಬ ಆ ಕ್ಷಣವೇ ಎದುರಿಗಿದೆ. ಹೊರಗೆ ಒಯ್ದ ಯಂತ್ರದಲ್ಲಿ ಹಾಗಿರಲಿಲ್ಲ. ಮಾಂಟ್ರಿಯಲ್‌ನ ಸೇಂಟ್-ಜಾಕ್ ಬಡಾವಣೆಯ ನಾಗರಿಕ ಸಮಿತಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನೆರವಿನಿಂದ ಬೀದಿಯಲ್ಲಿ ಸಂದರ್ಶನ ದಾಖಲಿಸಿ ಸಾರ್ವಜನಿಕ ಸಭೆಗಳಲ್ಲಿ ತೋರಿಸಿತು, 1969ರ ‘ವಿ.ಟಿ.ಆರ್. ಸೇಂಟ್-ಜಾಕ್’ ಚಿತ್ರದಲ್ಲಿ ಇದು ದಾಖಲಾಗಿದೆ. ಇಲ್ಲಿ ಕಂಡದ್ದಕ್ಕೂ ನೋಡುವುದಕ್ಕೂ ನಡುವೆ ಬಿಡುವು ಬೀಳುತ್ತದೆ: ಟೇಪು ಹಿಂದಕ್ಕೆ ಸುತ್ತಬೇಕು, ಪರದೆ ಜೋಡಿಸಬೇಕು, ಜನ ಸೇರಬೇಕು. ಆ ಬಿಡುವಿನಲ್ಲಿ ಕನ್ನಡಿಯ ಬದಲು ಚರ್ಚೆ ಹುಟ್ಟುತ್ತದೆ. ಕ್ರಾಸ್ ಸಿದ್ಧಾಂತದ ಈ ಮಿತಿ ಉಪಕರಣವನ್ನು ಲೆಕ್ಕಕ್ಕೆ ತೆಗೆದುಕೊಂಡಾಗಲೇ ಸ್ಪಷ್ಟವಾಗುತ್ತದೆ.

ಕೆಪಾಸಿಟರು, ಬೆಲ್ಟು, ಚಕ್ರ ಎಲ್ಲ ಬದಲಾಯಿಸಿದ ಮೇಲೆ ಅದು ಮೂಲ ಯಂತ್ರವೇ ಎಂಬ ಆಕ್ಷೇಪ ನ್ಯಾಯವಾದದ್ದು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಮೇಲೆ ಸುಣ್ಣ ಬಳಿದ ದೇಗುಲಗಳನ್ನು ಕಂಡ ನಾಡಿನ ಸಂಶೋಧಕರಿಗೆ ಈ ಅಪಾಯ ಹೊಸದಲ್ಲ. ಆದ್ದರಿಂದಲೇ ತೆಗೆದ ಭಾಗವನ್ನು ಎಸೆಯದೆ ಇಡಬೇಕು, ಬದಲಾವಣೆಯನ್ನು ದಿನಾಂಕ ಸಹಿತ ಬರೆಯಬೇಕು, ಹೆಚ್ಚು ಯಂತ್ರಗಳಿದ್ದರೆ ಒಂದನ್ನು ಮುಟ್ಟದೆ ಹಾಗೇ ಉಳಿಸಬೇಕು. ಹೆಡ್ಡಿನ ಸಂಕೇತವನ್ನೇ ನೇರವಾಗಿ ಕಂಪ್ಯೂಟರಿಗೆ ತೆಗೆದುಕೊಂಡು ಸಾಫ್ಟ್‌ವೇರಿನಲ್ಲಿ ಚಿತ್ರ ಬಿಡಿಸುವ ವಿಧಾನ ಬಂದಿರುವಾಗ ಹಳೆಯ ಯಂತ್ರವೇಕೆ ಎಂದೂ ಕೇಳುತ್ತಾರೆ. ಸರ್ಕ್ಯೂಟಿನ ಕೆಲಸವನ್ನು ಸಾಫ್ಟ್‌ವೇರ್ ವಹಿಸಿಕೊಳ್ಳಬಲ್ಲದು, ನಿಜ. ಆದರೆ ತಿರುಗುವ ಡ್ರಮ್ಮು, ಅದಕ್ಕೆ ಸುತ್ತಿಕೊಂಡು ಸಾಗುವ ಟೇಪು ಆ ವಿಧಾನಕ್ಕೂ ಬೇಕೇ ಬೇಕು.

ಕರ್ನಾಟಕಕ್ಕೂ ಇದು ದೂರದ ಮಾತಲ್ಲ. 1980ರ ದಶಕದಲ್ಲಿ ಹುಟ್ಟಿದ ಉಡುಪಿಯ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಸಂಸ್ಥೆಗಳು ನಮ್ಮ ಪ್ರದರ್ಶನ ಕಲೆಗಳನ್ನು ವಿಡಿಯೊದಲ್ಲಿ ದಾಖಲಿಸಿವೆ. ಕಾಲೇಜು, ವಿಶ್ವವಿದ್ಯಾಲಯ, ಸಂಘಸಂಸ್ಥೆಗಳ ಕಪಾಟುಗಳಲ್ಲಿ ಯು-ಮ್ಯಾಟಿಕ್, ವಿ.ಎಚ್.ಎಸ್. ಕ್ಯಾಸೆಟ್ಟುಗಳಿದ್ದರೆ ಅವನ್ನು ದಾಖಲಿಸಿದ ಯಂತ್ರ, ಅದರ ಕೈಪಿಡಿ, ಬಿಡಿಭಾಗಗಳ ಡಬ್ಬಿ ಯಾವುದನ್ನೂ ಗುಜರಿಗೆ ಹಾಕಬೇಡಿ. ಅವನ್ನೆಲ್ಲ ರಿಪೇರಿ ಮಾಡಬಲ್ಲ ಹಿರಿಯ ಮೆಕ್ಯಾನಿಕ್ ಊರಿನಲ್ಲಿದ್ದರೆ, ಅವರ ಕೈಯಲ್ಲಿ ಯಂತ್ರ ಓಡುವುದನ್ನು ಈಗಲೇ ದಾಖಲಿಸಿಕೊಳ್ಳಿ.