ಸಭೆ ಬೇಗ ಮುಗಿಯಬೇಕೆ? — ಮುಂಬಯಿ ನಗರಪಾಲಿಕೆಯ ಹಳೆಯ ಪಾಠ

ಸಂಘ ಸಂಸ್ಥೆಗಳ ವಾರ್ಷಿಕ ಮಹಾಸಭೆಗೆ ಹೋಗುವ ರೂಢಿಯಿರುವ ನಮಗೆಲ್ಲ ಒಂದು ಅನುಭವ ಸಾಮಾನ್ಯ. ಚಹಾ-ಉಪಾಹಾರದ ಖರ್ಚಿನ ಮೇಲೆ ಒಂದು ತಾಸು ಚರ್ಚೆ ನಡೆಯುತ್ತದೆ. ವರ್ಷದ ಜಮಾಖರ್ಚು ಐದು ನಿಮಿಷದಲ್ಲಿ ಪಾಸಾಗುತ್ತದೆ. ಅಷ್ಟರಲ್ಲಿ ದೂರದ ಉಪನಗರದವರು ಲೋಕಲ್ ಗಾಡಿಯ ಚಿಂತೆಯಲ್ಲಿ ಎದ್ದುಹೋಗಿರುತ್ತಾರೆ. ಸಭೆಯನ್ನು ಚುಟುಕಾಗಿ, ಆದರೆ ಕೆಲಸ ಕೆಡದಂತೆ ನಡೆಸುವುದು ಹೇಗೆ? ನೂರೈವತ್ತು ವರ್ಷಗಳ ಹಿಂದೆ ನಮ್ಮ ಮುಂಬಯಿ ನಗರವೇ ಈ ಪ್ರಶ್ನೆಯನ್ನು ಎದುರಿಸಿತ್ತು.

1865ರ ಕಾಯಿದೆಯಂತೆ ನಗರದ ಹೊಣೆ 'ಜಸ್ಟಿಸ್ ಆಫ್ ದಿ ಪೀಸ್' ಎನಿಸಿಕೊಂಡ ಗಣ್ಯರ ಕೂಟಕ್ಕೆ ಬಂತು. ಅವರನ್ನು ನೇಮಿಸುತ್ತಿದ್ದುದು ಸರಕಾರ. ಕರ ಕೊಡುವ ಜನರಿಗೆ ಅದರಲ್ಲಿ ಕೈಯಿರಲಿಲ್ಲ. ಕಾರ್ಯಾಧಿಕಾರವೆಲ್ಲ ಒಬ್ಬ ಕಮಿಶನರರದು. ಆ ಸ್ಥಾನಕ್ಕೆ ಮೊದಲು ಬಂದವರು ಆರ್ಥರ್ ಕ್ರಾಫರ್ಡ್. ಅವರು ಚುರುಕಿನ ಮನುಷ್ಯ. ರಸ್ತೆ, ಚರಂಡಿ, ನೈರ್ಮಲ್ಯದ ಕೆಲಸಗಳು ಭರದಿಂದ ಸಾಗಿದವು. 1869ರಲ್ಲಿ ಪೂರ್ಣಗೊಂಡ ದೊಡ್ಡ ಮಾರ್ಕೆಟ್ಟಿಗೆ ಇಂದು ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರಿದ್ದರೂ ಹಳಬರ ಬಾಯಲ್ಲಿ ಅದು ಕ್ರಾಫರ್ಡ್ ಮಾರ್ಕೆಟ್ಟೇ.

ಆದರೆ ಖರ್ಚೂ ಭರದಿಂದಲೇ ಸಾಗಿತು. ಹತ್ತಿಯ ವ್ಯಾಪಾರ ಕುಸಿದು ನಗರ ತತ್ತರಿಸುತ್ತಿದ್ದ ಕಾಲವದು. ನೂರಾರು ಮಂದಿಯ ಆ ಕೂಟಕ್ಕೆ ಲೆಕ್ಕದ ಮೇಲೆ ಕಣ್ಣಿಡುವುದು ಆಗಲಿಲ್ಲ. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲ ಎಂಬ ಮಾತು ನಿಜವಾಯಿತು. 1871ರಲ್ಲಿ ಕರದಾರರು ಸಿಡಿದೆದ್ದರು. ಕಮಿಶನರರ ಅಧಿಕಾರವನ್ನು ಕಿತ್ತು ಒಂದು ಸಮಿತಿಯ ಕೈಗೆ ಕೊಡಿ ಎಂಬ ಕೂಗು ಎದ್ದಿತು.

ಆ ಗದ್ದಲದ ನಡುವೆ 26 ವರ್ಷದ ತರುಣ ಬ್ಯಾರಿಸ್ಟರ್ ಫಿರೋಜಶಾ ಮೆಹ್ತಾ ಬೇರೆಯೇ ಮಾತಾಡಿದರು. ಕೆಲಸ ನಡೆಸಲು ಒಬ್ಬನೇ ಅಧಿಕಾರಿ ಇರಲಿ, ಆದರೆ ಅವನನ್ನು ಪ್ರಶ್ನಿಸುವ ಸಭೆ ಜನರು ಆರಿಸಿದ್ದಾಗಿರಲಿ ಎಂಬುದು ಅವರ ವಾದ. ರೋಗ ಇರುವುದು ಅಧಿಕಾರಿಯಲ್ಲಲ್ಲ, ಅವನಿಂದ ಉತ್ತರ ಕೇಳುವವರು ಇಲ್ಲದಿರುವುದರಲ್ಲಿ ಎಂದು ಅವರು ಕಂಡಿದ್ದರು. ಕೇಳಿದವರಿಗೆ ಅಂದು ಅದು ರುಚಿಸಲಿಲ್ಲ.

ಆದರೂ 1872ರ ಕಾಯಿದೆ ಆ ದಿಕ್ಕಿಗೇ ಹೊರಳಿತು. 64 ಸದಸ್ಯರ ಕಾರ್ಪೊರೇಶನ್ ಬಂತು. ಅರ್ಧದಷ್ಟು ಮಂದಿಯನ್ನು ಕರದಾರರೇ ಆರಿಸುವಂತಾಯಿತು. ಹಣಕಾಸು ನೋಡಲು 12 ಜನರ ಟೌನ್ ಕೌನ್ಸಿಲ್ ಏರ್ಪಟ್ಟಿತು. 1888ರ ಕಾಯಿದೆಯಲ್ಲಿ ಇದೇ ಸ್ಥಾಯೀ ಸಮಿತಿಯಾಯಿತು. ಆ ಕಾಯಿದೆ ರೂಪುಗೊಳ್ಳುವುದರಲ್ಲಿ ಮೆಹ್ತಾ ಅವರ ಪಾತ್ರ ಹಿರಿದು. ಹಲವು ತಿದ್ದುಪಡಿಗಳೊಡನೆ ಮುಂಬಯಿ ಇಂದಿಗೂ ಅದೇ ಕಾಯಿದೆಯಡಿ ನಡೆಯುತ್ತಿದೆ.

ಈ ಏರ್ಪಾಡಿನ ಗುಟ್ಟು ಸರಳ. ಸಭೆಗೆ ಬರುವ ವಿಷಯಗಳ ಪಟ್ಟಿ ಮುಂಚಿತವಾಗಿ ಸದಸ್ಯರ ಕೈಸೇರಬೇಕು. ಗುತ್ತಿಗೆ, ಮುಂಗಡಪತ್ರಗಳ ಬಿಡಿ ಲೆಕ್ಕವನ್ನು ಚಿಕ್ಕ ಸಮಿತಿ ಕುಳಿತು ಜಾಲಿಸಬೇಕು. ನಿತ್ಯದ ಕೆಲಸ ಕಮಿಶನರರದು. ಇಷ್ಟಾದ ಮೇಲೆ ಮಹಾಸಭೆಗೆ ಉಳಿಯುವುದು ನೀತಿಯ ಪ್ರಶ್ನೆಗಳು ಮಾತ್ರ. ಇಲ್ಲಿ ಯಾರ ಬಾಯನ್ನೂ ಮುಚ್ಚಿಸಿಲ್ಲ. ಯಾವ ಮಾತು ಎಲ್ಲಿ ನಡೆಯಬೇಕೆಂದು ಗೊತ್ತುಮಾಡಿದೆ, ಅಷ್ಟೆ.

ಇದಕ್ಕೆ ತೆತ್ತ ಬೆಲೆಯೂ ಇದೆ. ಚಿಕ್ಕ ಕೋಣೆಯಲ್ಲಿ ಕೆಲಸ ಬೇಗ ಆಗುತ್ತದೆ, ಆದರೆ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. 227 ನಗರಸೇವಕರ ಇಂದಿನ ಪಾಲಿಕೆಯಲ್ಲೂ ಸ್ಥಾಯೀ ಸಮಿತಿಯ ಅಧ್ಯಕ್ಷಪದಕ್ಕಾಗಿ ಅಷ್ಟೊಂದು ಪೈಪೋಟಿ ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ತೀರ ಚಿಕ್ಕ ಸಭೆಯ ಕತೆಯನ್ನೂ ನಾವು ಕಂಡೆವು. 2022ರ ಮಾರ್ಚ್ ತಿಂಗಳಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಚುನಾವಣೆ ಮುಂದೆ ಮುಂದೆ ಹೋಯಿತು. ಮೂರು ವರ್ಷಕ್ಕೂ ಮಿಕ್ಕಿ ಕಮಿಶನರರೇ ಆಡಳಿತಗಾರರಾಗಿದ್ದರು. ಮುಂಗಡಪತ್ರ ಮಂಡಿಸಿದವರೂ ಅವರೇ, ಮಂಜೂರು ಮಾಡಿದವರೂ ಅವರೇ. ಗದ್ದಲವಿಲ್ಲ, ಸಭಾತ್ಯಾಗವಿಲ್ಲ, ಒಂದು ನಿಮಿಷವೂ ವ್ಯರ್ಥವಿಲ್ಲ! ಆದರೆ ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬಾರದಾಗ, ನಮ್ಮವರ ಹೊಟೇಲಿನ ಪರವಾನಗಿ ಸಿಕ್ಕಿಬಿದ್ದಾಗ, ನಮ್ಮ ಪರವಾಗಿ ಸಭೆಯಲ್ಲಿ ಎದ್ದು ನಿಂತು ಕೇಳುವ ನಗರಸೇವಕನೇ ಇರಲಿಲ್ಲ. 1871ರಲ್ಲಿ ಆ ತರುಣ ಬ್ಯಾರಿಸ್ಟರ್ ತೋರಿಸಿಕೊಟ್ಟ ಕೊರತೆ ಇದೇ ಅಲ್ಲವೇ?

ಬೋರಿಬಂದರ ನಿಲ್ದಾಣದಿಂದ ಹೊರಬಂದಾಗ ಎದುರಿಗೆ ಕಾಣುವ, 1893ರಲ್ಲಿ ಮುಗಿದ ಪಾಲಿಕೆಯ ಕಟ್ಟಡದ ಮುಂದೆ ಫಿರೋಜಶಾ ಮೆಹ್ತಾ ಅವರ ಪ್ರತಿಮೆ ನಿಂತಿದೆ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಒಂದು ಗಳಿಗೆ ನೋಡಿ. ನಮ್ಮ ಸಂಘದ ಮುಂದಿನ ಮಹಾಸಭೆಗೆ ಬರುವಾಗ ವಿಷಯಪಟ್ಟಿಯನ್ನು ಮನೆಯಲ್ಲೇ ಓದಿ ಬನ್ನಿ. ಚಹಾದ ಲೆಕ್ಕ ಉಪಸಮಿತಿ ನೋಡಿಕೊಳ್ಳಲಿ. ಜಮಾಖರ್ಚಿನ ಪ್ರಶ್ನೆಯನ್ನು ಮಾತ್ರ ಸಭೆಯಲ್ಲೇ ಕೇಳೋಣ. ಅದಕ್ಕಾಗಿ ಒಂದು ಲೋಕಲ್ ಗಾಡಿ ತಪ್ಪಿದರೆ ನಷ್ಟವೇನೂ ಇಲ್ಲ.